ಬೇಲಿಯಿಲ್ಲದ ಸೀಮೆ

ಅಮೇರಿಕೆಯ ಪಶ್ಚಿಮ ಸೀಮೆಯನ್ನು ತಾವು ಚಿತ್ರಮಂದಿರದಲ್ಲಿ ಕಂಡಿರಬಹುದು. ಅಗಲ ಟೋಪಿ, ಸೊಂಟದಲ್ಲಿ ಪಿಸ್ತೂಲು, ಧೂಳೆಬ್ಬಿಸಿ ಓಡುವ ಕುದುರೆ! ಅಲ್ಲಿಯ ಕುರಿಗಾರ ಮಾತ್ರ ತೆರೆಯ ಮೇಲೆ ಅಪರೂಪ. ಆ ಬಯಲಿನಲ್ಲಿ ಕಾಡುಕೋಣಗಳನ್ನು ಬೇಟೆಯಾಡಿ ಬದುಕಿದ್ದ ಮೂಲನಿವಾಸಿಗಳನ್ನು ಮೊದಲು ಹೊರದಬ್ಬಿದರು. ಬಳಿಕ ಉಳಿದ ಹುಲ್ಲಿಗಾಗಿ ದನಗಾರರಿಗೂ ಕುರಿಗಾರರಿಗೂ ಬಡಿದಾಟ ಹತ್ತಿತು. 1909ರ ಏಪ್ರಿಲ್‌ನಲ್ಲಿ ವಯೋಮಿಂಗ್ ರಾಜ್ಯದ ಸ್ಪ್ರಿಂಗ್ ಕ್ರೀಕ್ ಎಂಬಲ್ಲಿ ದನಗಾರರು ರಾತ್ರಿ ಬಿಡಾರಕ್ಕೆ ನುಗ್ಗಿ ಮೂವರು ಕುರಿಗಾರರನ್ನು ಕೊಂದರು. ಅದಕ್ಕೂ ಮುಂಚೆ, 1874ರಲ್ಲಿ, ಇಲಿನಾಯ್ ರಾಜ್ಯದ ಜೋಸೆಫ್ ಗ್ಲಿಡನ್ ಎಂಬ ರೈತ ಮುಳ್ಳುತಂತಿಗೆ ಪೇಟೆಂಟು ಪಡೆದಿದ್ದ. ತಂತಿ ಬಿಗಿದಲ್ಲೆಲ್ಲ ಅಲೆದು ಮೇಯಿಸುವವನ ದಾರಿ ಕಟ್ಟಿತು.

ಒಕ್ಕಲಿಗನ ಹೊಲವೂ ಕುರಿಗಾರನ ಬಯಲೂ ಕೂಡುವ ಅಂಥ ಸೀಮೆ ನಮ್ಮಲ್ಲಿಯೂ ಉಂಟು. ಅದನ್ನು ನೋಡಬೇಕಾದರೆ ಕಾಗವಾಡ ತಾಲ್ಲೂಕಿನ ಮಂಗಸೂಳಿಗೆ ಹೋಗಬೇಕು. ಅಲ್ಲಿಯ ದೇವರು ಕನ್ನಡಿಗರಿಗೆ ಮಲ್ಲಯ್ಯ, ಮರಾಠಿಯವರಿಗೆ ಖಂಡೋಬಾ. ಎರಡೂ ಮಾತಿನವರು ಒಂದೇ ಭಂಡಾರವನ್ನು ಎರಚಿ, ಒಂದೇ ಅರಿಸಿನದಲ್ಲಿ ಮಿಂದು ಮನೆಗೆ ಮರಳುತ್ತಾರೆ.

ಈ ದೇವರ ಸಂಸಾರದ ಕಥೆ ಸೊಗಸಾಗಿದೆ. ಹಿರಿಯ ಹೆಂಡತಿ ಮ್ಹಾಳಸಾ ವ್ಯಾಪಾರಿಗಳ ಮನೆಯವಳು. ಕಿರಿಯಳು ಬಾಣಾಯಿ ಕುರಿಗಾರರ ಮಗಳು. ಬಾಣಾಯಿಗಾಗಿ ದೇವರು ವೇಷ ಮರೆಸಿಕೊಂಡು ಅವಳ ಹಟ್ಟಿಯಲ್ಲಿ ಆಳಾಗಿ ಕುರಿ ಕಾಯ್ದನಂತೆ. ಸವತಿಯರ ಜಗಳವಂತೂ ತಪ್ಪಲಿಲ್ಲ. ಮಹಾರಾಷ್ಟ್ರದ ಜೇಜೂರಿಯಲ್ಲಿ ಹಿರಿಯಳು ಗುಡ್ಡದ ಮೇಲೆ ಗಂಡನ ಬಳಿ ಇದ್ದರೆ ಕಿರಿಯಳ ಗುಡಿ ಅರ್ಧ ದಾರಿಯಲ್ಲಿದೆ! ಆದರೂ ಪೇಟೆಯವಳೂ ಅಡವಿಯವಳೂ ಒಬ್ಬನನ್ನೇ ಗಂಡನೆಂದರು. ನನಗೆ ಈ ಕಥೆಯಲ್ಲಿ ಒಕ್ಕಲಿಗ, ವರ್ತಕ, ಕುರಿಗಾರ ಮೂವರೂ ಮಾಡಿಕೊಂಡ ಒಪ್ಪಂದವೇ ಕಾಣುತ್ತದೆ.

ಒಪ್ಪಂದ ಕಥೆಯಲ್ಲಷ್ಟೇ ಅಲ್ಲ, ಹೊಲದಲ್ಲಿಯೂ ಇತ್ತು. ಸುಗ್ಗಿ ಮುಗಿದು ಹೊಲ ಬರಿದಾದೊಡನೆ ಕುರಿಗಾರ ಬರುವನು. ಕುರಿಗಳು ಕೂಳೆ ಮೇಯ್ದು ರಾತ್ರಿ ಅಲ್ಲಿಯೇ ತಂಗುವುವು. ಹಿಕ್ಕೆ, ಗಂಜಲ ನೆಲಕ್ಕಿಳಿಯುವುವು. ಗೊಬ್ಬರಕ್ಕೆ ಪ್ರತಿಯಾಗಿ ರೈತ ಕಾಳನ್ನೋ ಹಣವನ್ನೋ ಕೊಡುವನು. ಜಗಳಗಳು ಇರಲಿಲ್ಲವೆಂದಲ್ಲ, ಬೆಳೆಗೆ ಬಾಯಿ ಹಾಕಿದ ಕುರಿಗಾಗಿ ಪಂಚಾಯತಿ ಕೂಡಿಯೇ ಕೂಡುತ್ತಿತ್ತು. ಆದರೆ ಮರುವರ್ಷ ಅದೇ ರೈತ ಅದೇ ಕುರಿಗಾರನ ದಾರಿ ಕಾಯುತ್ತಿದ್ದ.

ಕೃಷ್ಣೆಯ ನೀರು ಹರಿದಲ್ಲಿ ಈಗ ಕಬ್ಬು ನಿಂತಿದೆ. ರೈತನ ಕೈಗೆ ನಾಲ್ಕು ಕಾಸು ಬಂದಿತು, ಅದನ್ನು ತಪ್ಪೆನ್ನಲಾರೆ. ಆದರೆ ಜೋಳದ ಹೊಲದಂತೆ ಕಬ್ಬಿನ ಹೊಲ ವರ್ಷಕ್ಕೊಮ್ಮೆ ತಿಂಗಳುಗಟ್ಟಲೆ ಬಯಲಾಗುವುದಿಲ್ಲ. ಗ್ಲಿಡನ್ನನ ತಂತಿ ಮಾಡಿದ್ದನ್ನು ಇಲ್ಲಿ ಸಿಹಿ ಬೆಳೆಯೊಂದು ಸದ್ದಿಲ್ಲದೆ ಮಾಡುತ್ತಿದೆ. ಆ ಕಡೆ ಹೋದಾಗ ತಮ್ಮ ಬಸ್ಸು ಕುರಿಹಿಂಡಿನ ಹಿಂದೆ ನಿಂತೀತು. ಚಾಲಕ ಹಾರನ್ ಒತ್ತುವಷ್ಟರಲ್ಲಿ ತಾವು ಕಿಟಕಿಯಿಂದ ನೋಡಿರಿ, ಆ ಕುರಿಗಾರನಿಗೆ ಇಳಿಯಲು ಎಡಕ್ಕಾಗಲಿ ಬಲಕ್ಕಾಗಲಿ ಒಂದು ಬರಿ ಹೊಲವಿದೆಯೇ ಎಂದು.