ಮೋಟಾರು ನಿಲ್ಲಿಸಿದ ವಿದ್ಯುತ್ ಸೈಕಲ್ಲು
(ಪೋಷಕರ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ವಿದ್ಯುತ್ ಸೈಕಲ್ಲಿನ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ಪೋಷಕರಲ್ಲಿ ಕೆಲವರು ನಮ್ಮನ್ನು ಕೇಳಿಕೊಂಡಿದ್ದಾರೆ. ಅವರ ಪ್ರಶ್ನೆ ಸರಳವಾದುದು: ಬ್ಯಾಟರಿಯು ನಡುದಾರಿಯಲ್ಲಿ ಬರಿದಾದರೆ ಮಗು ಮನೆಗೆ ಬರುವುದು ಹೇಗೆ? ನಮ್ಮ ಕಾಸರಗೋಡಿನಂತಹ ಗುಡ್ಡೆ ತಗ್ಗುಗಳ ನಾಡಿನಲ್ಲಿ ಇದು ಕ್ಷುಲ್ಲಕವಾದ ಪ್ರಶ್ನೆಯಲ್ಲ. ಮನೆಯ ಬಳಿಯಲ್ಲಿ ಬೇರೆ ಮಾಧ್ಯಮದ ಶಾಲೆಯಿದ್ದರೂ ಕನ್ನಡದಲ್ಲಿಯೇ ಕಲಿಯಬೇಕೆಂದು ಎರಡು ಗುಡ್ಡೆಗಳನ್ನು ದಾಟಿ ಬರುವ ಹುಡುಗಿಗೆ ದಾರಿಯು ಭಾರವಾಯಿತೆಂದರೆ, ಮುಂದಿನ ಜೂನ್ ತಿಂಗಳಲ್ಲಿ ಅವಳ ಹೆಸರು ನಮ್ಮ ಹಾಜರಿ ಪುಸ್ತಕದಲ್ಲಿರುವುದಿಲ್ಲ.

ಸೈಕಲ್ಲಿಗೆ ವಿದ್ಯುತ್ತನ್ನು ಕೂಡಿಸುವ ಯೋಚನೆ ಹೊಸತಲ್ಲ. ಅಮೆರಿಕದ ಆಗ್ಡೆನ್ ಬೋಲ್ಟನ್ ಎಂಬವನು ಹಿಂಗಾಲಿಯ ನಡುವೆ ಮೋಟಾರನ್ನಿರಿಸಿದ ಸೈಕಲ್ಲಿಗೆ 1895ರಲ್ಲಿಯೇ ಪೇಟೆಂಟು ಪಡೆದನು. ತುಳಿಯುವವನ ಶ್ರಮವನ್ನರಿತು ತಾನೂ ಕೈಗೂಡಿಸುವ ಸೈಕಲ್ಲನ್ನು ಜಪಾನಿನ ಯಮಹಾ ಕಂಪೆನಿಯು 1993ರಲ್ಲಿ ಮಾರಾಟಕ್ಕೆ ತಂದಿತು. ನಮ್ಮ ದೇಶದಲ್ಲಿ ಮೋಟಾರಿನ ಶಕ್ತಿ 250 ವಾಟಿಗಿಂತಲೂ ವೇಗ ಗಂಟೆಗೆ 25 ಕಿಲೋಮೀಟರಿಗಿಂತಲೂ ಕಡಮೆಯಿರುವ ಇಂತಹ ವಾಹನಕ್ಕೆ ಲೈಸೆನ್ಸು ಬೇಕಿಲ್ಲ. ಅದನ್ನು ಮೀರಿದ್ದು ಸೈಕಲ್ಲಲ್ಲ. ಅಂಗಡಿಯವರು ಏನೆಂದು ಹೆಸರಿಟ್ಟು ಮಾರಿದರೂ ಅಲ್ಲ.

ಮೋಟಾರು ನಿಂತಾಗ ಎರಡು ತೊಡಕುಗಳು ಎದುರಾಗುತ್ತವೆ. ಮೊದಲನೆಯದು ತೂಕ. ಸಾಧಾರಣ ಸೈಕಲ್ಲು 15 ಕಿಲೋ ಇದ್ದರೆ ವಿದ್ಯುತ್ ಸೈಕಲ್ಲು 25 ಕಿಲೋ ಇರಬಹುದು. ಸಮತಲದ ರಸ್ತೆಯಲ್ಲಿ ಈ ಹತ್ತು ಕಿಲೋ ಬಹಳ ಬಾಧಿಸುವುದಿಲ್ಲ. ನಿಧಾನವಾಗಿ ತುಳಿಯುವವನಿಗೆ ಮೂರು ನಾಲ್ಕು ವಾಟಿನಷ್ಟು ಹೆಚ್ಚಿನ ಶ್ರಮ ಮಾತ್ರ. ಚಡಾವಿನಲ್ಲಿ ಹಾಗಲ್ಲ. ಹತ್ತನೆಯ ತರಗತಿಯವರು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು. 45 ಕಿಲೋ ತೂಗುವ ವಿದ್ಯಾರ್ಥಿಯು ಇಪ್ಪತ್ತು ಅಡಿಗೆ ಒಂದಡಿ ಏರುವ ರಸ್ತೆಯಲ್ಲಿ ಗಂಟೆಗೆ 10 ಕಿಲೋಮೀಟರಿನಂತೆ ಹತ್ತಬೇಕಾದರೆ, ಗಾಳಿ ಮತ್ತು ಟೈರುಗಳ ತಡೆಯನ್ನು ಬಿಟ್ಟು, ಸಾಧಾರಣ ಸೈಕಲ್ಲಿಗೆ ಸುಮಾರು 82 ವಾಟು, ಭಾರದ ಸೈಕಲ್ಲಿಗೆ ಸುಮಾರು 95 ವಾಟು ಶಕ್ತಿ ಬೇಕು. ಆದರೆ ಅದೇ 82 ವಾಟಿನಲ್ಲಿ ಎಂಟೂವರೆ ಕಿಲೋಮೀಟರಿನ ವೇಗದಿಂದ ಹತ್ತಬಹುದಷ್ಟೆ. ಎಂದರೆ ಒಂದು ಕಿಲೋಮೀಟರಿನ ಚಡಾವಿಗೆ ಆರು ನಿಮಿಷದ ಬದಲು ಏಳು ನಿಮಿಷ! ಇಷ್ಟಕ್ಕೆ ಹೆದರಬೇಕಾದುದಿಲ್ಲ. ಆದರೆ ನಿಧಾನವಾಗಿ ತುಳಿಯಲು ತಕ್ಕ ಗೇರು ಬೇಕು. ಗೇರಿಲ್ಲದ ಭಾರದ ಸೈಕಲ್ಲನ್ನು ಕಡಿದಾದ ಕಡೆಯಲ್ಲಿ ಇಳಿದು ತಳ್ಳುವುದೇ ಸರಿ.

ಎರಡನೆಯದು ಕಣ್ಣಿಗೆ ಕಾಣದ ತೊಡಕು. ನಮಗೆ ಹೆಚ್ಚು ಕುತೂಹಲಕರವಾದುದೂ ಇದೇ. ಗಾಲಿಯ ನಡುವಿನ ಮೋಟಾರುಗಳಲ್ಲಿ ಎರಡು ಬಗೆ. ಒಳಗೆ ಹಲ್ಲುಚಕ್ರಗಳಿರುವ ಬಗೆಯಲ್ಲಿ ಗಾಲಿಯು ಮೋಟಾರನ್ನು ಬಿಟ್ಟು ತಾನೇ ಮುಂದಕ್ಕೆ ಉರುಳುವ ಏರ್ಪಾಡು ಸಾಮಾನ್ಯವಾಗಿ ಇರುತ್ತದೆ. ಮೋಟಾರು ನಿಂತರೂ ಎಳೆತವಿಲ್ಲ. ಹಲ್ಲುಚಕ್ರಗಳಿಲ್ಲದ ಇನ್ನೊಂದು ಬಗೆಯಲ್ಲಿ ಗಾಲಿಯೊಡನೆ ಅಯಸ್ಕಾಂತಗಳೂ ತಿರುಗುತ್ತಲೇ ಇರುತ್ತವೆ. ಅವು ಕಬ್ಬಿಣವನ್ನು ಸೆಳೆಯುತ್ತಲೂ ಇರುತ್ತವೆ. ಅದರೊಳಗಿನ ತಂತಿಗಳು ಒಂದಕ್ಕೊಂದು ತಗುಲಿಕೊಂಡರಂತೂ ಬ್ರೇಕು ಹಾಕಿದಂತಾಗುತ್ತದೆ. ಅಯಸ್ಕಾಂತವೂ ತಂತಿಸುರುಳಿಯೂ ಒಂದರ ಬಳಿ ಇನ್ನೊಂದು ಚಲಿಸಿದಾಗ ವಿದ್ಯುತ್ತು ಹುಟ್ಟುವುದೆಂದು ಫ್ಯಾರಡೆ 1831ರಲ್ಲಿ ತೋರಿಸಿದನು. ಹಾಗೆ ಹುಟ್ಟಿದ ವಿದ್ಯುತ್ತು ಆ ಚಲನೆಯನ್ನೇ ವಿರೋಧಿಸುವುದೆಂದು 1834ರಲ್ಲಿ ಲೆನ್ಸನು ಹೇಳಿದನು. ಟೈರಿಗೆ ತಾಗುವ ಡೈನಮೊ ಕಟ್ಟಿದ ಹಳೆಯ ಸೈಕಲ್ಲನ್ನು ತುಳಿದ ಹಿರಿಯರು, ದೀಪ ಹೊತ್ತಿದೊಡನೆ ಕಾಲಿಗೆ ಭಾರ ಬರುವುದನ್ನು ಪುಸ್ತಕವಿಲ್ಲದೆಯೇ ಅರಿತಿದ್ದರು.

ಆದಕಾರಣ ಪೋಷಕರು ಕೊಳ್ಳುವ ಮೊದಲು ಅಂಗಡಿಯ ಮುಂದಿನ ಸಮರಸ್ತೆಯಲ್ಲಿ ಮೋಟಾರು ನಡೆಸಿ ನೋಡಿದರೆ ಸಾಲದು. ಹಿಂಗಾಲಿಯನ್ನು ಮೇಲಕ್ಕೆತ್ತಿ ಕೈಯಿಂದ ತಿರುಗಿಸಬೇಕು. ತಡೆತಡೆದು ನಿಲ್ಲುವುದೋ, ಸರಾಗವಾಗಿ ತಿರುಗುವುದೋ ನೋಡಬೇಕು. ಬಳಿಕ ಮೋಟಾರು ನಿಲ್ಲಿಸಿ, ತುಳಿಯತಕ್ಕ ಮಗುವಿನಿಂದಲೇ ಒಂದು ಚಡಾವನ್ನು ಹತ್ತಿಸಬೇಕು. ತಂದೆಯವರು ಹತ್ತಿ ತೋರಿಸಿದರೆ ಪ್ರಯೋಜನವಿಲ್ಲ.

ವಿದ್ಯಾರ್ಥಿಗಳಿಗೂ ಒಂದು ಲೆಕ್ಕ ಹೇಳಬೇಕಾಗಿದೆ. 36 ವೋಲ್ಟು, 8 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 288 ವಾಟ್-ಗಂಟೆಯಷ್ಟು ಶಕ್ತಿಯಿರುತ್ತದೆ. ಸವಾರನೂ ಸೈಕಲ್ಲೂ ಸೇರಿ 70 ಕಿಲೋ ತೂಕವನ್ನು ನೂರು ಮೀಟರು ಎತ್ತರಕ್ಕೆ ಏರಿಸಲು ಬೇಕಾದುದು ಸುಮಾರು 19 ವಾಟ್-ಗಂಟೆ. ಮೋಟಾರಿನಲ್ಲಿ ಬಿಸಿಯಾಗಿ ಹೋಗುವುದನ್ನು ಸೇರಿಸಿದರೂ ಬ್ಯಾಟರಿಯನ್ನು ಬರಿದುಮಾಡುವುದು ಬರಿಯ ಗುಡ್ಡೆಯಲ್ಲ. ಸಮತಲದಲ್ಲಿ ಕಾಲಾಡಿಸದೆ ಹಿಡಿಯನ್ನು ತಿರುಚಿ ಕುಳಿತುಕೊಳ್ಳುವ ಅಭ್ಯಾಸವೂ ಅದಕ್ಕೆ ಕಾರಣ. ಹೀಗಿರುವಾಗ ಸಮತಲದಲ್ಲಿ ಮೋಟಾರು ನಿಲ್ಲಿಸಿ ತುಳಿಯುವುದು, ಚಡಾವಿಗಾಗಿ ಅದನ್ನು ಕಾಯ್ದಿರಿಸುವುದು ಮೇಲು. ಹೀಗೆ ಮಾಡಿದವರ ಕಾಲಿಗೆ ಬಲವೂ ಬರುತ್ತದೆ. ಆದರೆ ವ್ಯಾಯಾಮಕ್ಕೆಂದೇ 25 ಕಿಲೋ ಹೊರಬೇಕೆಂದು ನಾವು ಯಾರಿಗೂ ಹೇಳುವುದಿಲ್ಲ.

ಇಳಿಜಾರಿನಲ್ಲಿ ಈ ತೂಕವೇ ಮುಂದಕ್ಕೆ ದೂಡುತ್ತದೆ. ಮಳೆಗಾಲದಲ್ಲಿ ಮುರಕಲ್ಲಿನ ಕೆಂಪು ನೀರು ಹರಿಯುವ ನಮ್ಮ ರಸ್ತೆಗಳಲ್ಲಿ ಬ್ರೇಕಿನ ಕಟ್ಟೆಗಳು ಬೇಗನೆ ಸವೆಯುತ್ತವೆ, ತಿಂಗಳಿಗೊಮ್ಮೆ ನೋಡತಕ್ಕದ್ದು. ಬ್ಯಾಟರಿಯನ್ನು ಕಳಚಿಟ್ಟು ಬಂದರೆ ಅದರಿಂದ ಉರಿಯುವ ದೀಪವೂ ಉರಿಯದು. ಜುಲೈ ತಿಂಗಳ ಮೋಡ ಕವಿದ ಸಂಜೆಗಳಲ್ಲಿ ಇಂತಹ ಸೈಕಲ್ಲಿಗೆ ಬೇರೆಯೇ ಒಂದು ಸಣ್ಣ ದೀಪವನ್ನು ಕಟ್ಟಿಸಿಕೊಟ್ಟು ಕಳುಹಿಸಬೇಕೆಂದು ತಾಯಂದಿರಲ್ಲಿ ವಿಶೇಷವಾಗಿ ಕೇಳಿಕೊಳ್ಳುತ್ತೇವೆ.