ನಮ್ಮ ಹೆಸರಿನ ಬಟ್ಟೆ

(ತೃಶ್ಶಿಲೇರಿಯಲ್ಲಿ ಹೊಲಿಗೆ ಕಲಿತ ಹೆಣ್ಣುಮಕ್ಕಳ ಕೂಟದಲ್ಲಿ ಮಾಡಿದ ಭಾಷಣ)



ಹೊಲಿಗೆ ಬಲ್ಲವರು ಎಷ್ಟು ಜನ ಎಂದು ಈಗ ಕೇಳಿದಾಗ ಎಲ್ಲ ಲೈನುಗಳಿಂದಲೂ ಕೈಗಳು ಎದ್ದವು. ಆದರೆ ಆ ಕಸುಬಿನಿಂದ ಮನೆಗೆ ಬರುವುದೇನು? ಹಬ್ಬದ ಮುಂಚೆ ನಾಲ್ಕು ರವಿಕೆ, ಹರಿದ ಅಂಗಿಗೆ ತೇಪೆ. ಕಾಫಿಯೂ ಮೆಣಸೂ ಕೊಯ್ದು ಮುಗಿದ ಮೇಲೆ, ಮಳೆಗಾಲದಲ್ಲಿ ಎಷ್ಟು ಹಾಜರಿ ಸಿಕ್ಕುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಮಕ್ಕಳು ತಿರುಪ್ಪೂರಿಗೋ ಬೆಂಗಳೂರಿಗೋ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾರೆ. ಇಲ್ಲಿಯೇ ಕುಳಿತು, ನಮ್ಮದೇ ಹೆಸರು ಹಾಕಿ, ಬಟ್ಟೆ ಹೊಲಿದು ಮಾರಬಹುದೇ ಎಂಬುದು ಈ ದಿನದ ಮಾತು.

ಪೇಟೆಯ ಅಗ್ಗದ ಬಟ್ಟೆಯೊಡನೆ ಬೆಲೆಯಲ್ಲಿ ಪೈಪೋಟಿ ಮಾಡಿದರೆ ನಾವು ಸೋಲುತ್ತೇವೆ. ಆ ಅಗ್ಗದ ಬೆಲೆ ಎಲ್ಲಿಂದ ಬರುತ್ತದೆ? 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ಢಾಕಾ ಬಳಿ ರಾಣಾ ಪ್ಲಾಜಾ ಎಂಬ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಗಾರ್ಮೆಂಟ್ಸ್ ಕಾರ್ಮಿಕರು ಸತ್ತರು. ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟಿತ್ತು. ಆದರೂ ಅವರನ್ನು ಒಳಗೆ ಕರೆಸಿದರು. ಅವರು ಹೊಲಿದ ಬಟ್ಟೆ ಯೂರೋಪು ಅಮೆರಿಕಗಳ ಅಂಗಡಿಗೆ ಹೋಗುವಂಥದು. ಬಳಿಕ ಅನೇಕರು, ಬಟ್ಟೆ ಕಡಿಮೆ ಕೊಳ್ಳೋಣ, ಒಳ್ಳೆಯದನ್ನು ಕೊಳ್ಳೋಣ, ಹೊಲಿದವರು ಯಾರೆಂದು ಕೇಳೋಣ ಎನ್ನತೊಡಗಿದರು. ಇದಕ್ಕೆ ಸ್ಲೋ ಫ್ಯಾಷನ್ ಎನ್ನುತ್ತಾರೆ. ಹೆಸರು ದೊಡ್ಡದು; ಒಂದು ಸೀರೆಯನ್ನು ಹತ್ತು ವರ್ಷ ಉಟ್ಟ ನಮ್ಮ ಅಜ್ಜಿಯರಿಗೆ ಸಂಗತಿ ಹೊಸದಲ್ಲ.

ಶಿವಮೊಗ್ಗ ಜಿಲ್ಲೆ ಸಾಗರ ತಾಲೂಕಿನ ಹೆಗ್ಗೋಡಿನ ಹತ್ತಿರ, ಭೀಮನಕೋಣೆಯಲ್ಲಿ, 'ಚರಕ' ಎಂಬ ಮಹಿಳೆಯರ ಸಹಕಾರ ಸಂಘವಿದೆ. ನಾಟಕದವರಾದ ಪ್ರಸನ್ನ ಅವರು 1990ರ ದಶಕದಲ್ಲಿ ಅದನ್ನು ಕಟ್ಟಿಸಿದರು. ಆ ಮಲೆನಾಡಿನ ಹೆಂಗಸರು ನೇಕಾರರ ಮನೆಯವರಲ್ಲ. ತೋಟಕ್ಕೂ ಗದ್ದೆಗೂ ಹೋಗುತ್ತಿದ್ದವರು, ನಮ್ಮಂಥವರೇ. ನೂಲಿಗೆ ಬಣ್ಣ ಹಾಕುವುದು, ಹಾಸು ಹೂಡುವುದು, ಮಗ್ಗದಲ್ಲಿ ಹೊಕ್ಕು ನೇಯುವುದು, ಹೊಲಿಯುವುದು ಎಲ್ಲವನ್ನೂ ಕಲಿತರು. ಅಡಿಕೆ ಬೇಯಿಸಿದ ಮೇಲೆ ಉಳಿಯುವ ಚೊಗರಿನಿಂದ ಕೆಂಗಂದು ಬಣ್ಣ ತೆಗೆದರು. ಬೇರೆಯವರು ಚೆಲ್ಲುತ್ತಿದ್ದ ನೀರು ಅವರಿಗೆ ಗುರುತಾಯಿತು ನೋಡಿ! ಬಟ್ಟೆಯನ್ನು 'ದೇಸಿ' ಎಂಬ ಹೆಸರಿನಲ್ಲಿ ಬೆಂಗಳೂರಿನಂಥ ಊರುಗಳ ತಮ್ಮವೇ ಅಂಗಡಿಗಳಲ್ಲಿ ಮಾರಿದರು. ನಡುವೆ ದಲ್ಲಾಳಿ ಇಲ್ಲ. 2017ರಲ್ಲಿ ಕೈಯಿಂದ ಮಾಡಿದ ವಸ್ತುಗಳಿಗೆ ಜಿಎಸ್‌ಟಿ ಬೇಡವೆಂದು ಪ್ರಸನ್ನ ಉಪವಾಸ ಕುಳಿತರು.

ಆದರೆ ಚೆಂದದ ಕಥೆ ಮಾತ್ರ ಹೇಳಿ ನಿಮ್ಮನ್ನು ಕಳುಹಿಸಲಾರೆ. 2020ರಲ್ಲಿ, ಸರಕಾರದಿಂದ ಬರಬೇಕಾದ ಹಣ ಬಾರದೆ, ಕೊರೋನಾ ದಿನಗಳಲ್ಲಿ ಮಾಲು ಹೋಗದೆ, ಚರಕವು ತಾನು ದಿವಾಳಿಯೆಂದು ಸಾರಬೇಕಾಯಿತು. ಅಷ್ಟು ಹೆಸರಿದ್ದ ಸಂಘಕ್ಕೇ ಹೀಗಾಯಿತು. ಆದ್ದರಿಂದ ಬಾಕಿಯ ಮೇಲೆ ನಮ್ಮ ಕೂಲಿ ನಿಲ್ಲಬಾರದು. ಸರಕಾರದ ಆರ್ಡರ್ ಬಂದರೂ ಅರ್ಧ ಹಣ ಮುಂಗಡ ಬೇಕು. ಕೊಡದಿದ್ದರೆ ಕೈ ಮುಗಿದು ಬನ್ನಿರಿ.

ಇನ್ನೊಂದು ಹಳೆಯ ಮಾತು. 1851ರಲ್ಲಿ ಬಾಸೆಲ್ ಮಿಷನಿನ ಹಾಲರ್ ಎಂಬವರು ಮಂಗಳೂರಿನಲ್ಲಿ ನೇಯ್ಗೆ ಕಾರ್ಖಾನೆ ನಡೆಸಿದರು. ಖಾಕಿ ಬಣ್ಣ ಅಲ್ಲಿಯೇ ಹುಟ್ಟಿತೆಂದು ಮಂಗಳೂರಿನವರು ಹೇಳಿಕೊಳ್ಳುತ್ತಾರೆ. ಕ್ರೈಸ್ತರಾಗಿ ಜಾತಿಯ ಕಸುಬನ್ನೂ ಆಸರೆಯನ್ನೂ ಕಳೆದುಕೊಂಡವರಿಗೆ ಆ ಮಗ್ಗಗಳು ಅನ್ನ ಕೊಟ್ಟವು, ಅದು ದೊಡ್ಡ ಉಪಕಾರ. ಆದರೆ ಮೊದಲನೆಯ ಮಹಾಯುದ್ಧದ ಬಳಿಕ ಆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪೆನಿಯ ಪಾಲಾದವು. ಕಾರ್ಮಿಕರು ಅವುಗಳ ಒಡೆಯರಾಗಲಿಲ್ಲ. ಅದಕ್ಕಾಗಿಯೇ ಮೊದಲ ದಿನದಿಂದ ಎಲ್ಲರೂ ಪಾಲುದಾರರಾಗಿರಬೇಕೆಂದು ನನ್ನ ಒತ್ತಾಯ. ಕೇರಳದಲ್ಲಿ 1998ರಿಂದ ಇರುವ ಕುಟುಂಬಶ್ರೀಯಲ್ಲಿ ಸಣ್ಣ ಗುಂಪಾಗಿ ಸೇರಿಕೊಳ್ಳುವ ದಾರಿ ಇದೆ.

ಈಗ ಲೆಕ್ಕ. ಒಂದು ಜುಬ್ಬಾ ಎಂದಿಟ್ಟುಕೊಳ್ಳಿ. ಕೈಮಗ್ಗದ ಬಟ್ಟೆ 400 ರೂಪಾಯಿ, ನೂಲು ಗುಂಡಿ 20, ಮೂರು ಗಂಟೆಯ ಹೊಲಿಗೆಗೆ ಗಂಟೆಗೆ 60ರಂತೆ 180, ಬಾಡಿಗೆ ಕರೆಂಟು ಎಣ್ಣೆಗೆ 40. ಒಟ್ಟು 640. ಅಂಗಡಿಯವನು ನೂರಕ್ಕೆ ಮೂವತ್ತು ಹಿಡಿಯುವುದಾದರೆ 920ಕ್ಕೆ ಕಡಿಮೆ ಬೆಲೆ ಹಾಕುವಂತಿಲ್ಲ; ಆಗಲೂ ಕೈಗೆ ಬರುವುದು 644, ಅಂದರೆ ಲಾಭ ನಾಲ್ಕೇ ರೂಪಾಯಿ. ನಮ್ಮ ಹೆಂಗಸರು ಬಟ್ಟೆಯ ಬೆಲೆ ಬರೆಯುತ್ತಾರೆ, ತಮ್ಮ ಮೂರು ಗಂಟೆಯನ್ನು ಬರೆಯುವುದಿಲ್ಲ. "ಮನೆಯಲ್ಲಿ ಕೂತು ಮಾಡಿದ್ದಲ್ವಾ" ಎನ್ನುತ್ತಾರೆ. ಮನೆಯಲ್ಲಿ ಕೂತರೆ ಬೆನ್ನು ನೋಯುವುದಿಲ್ಲವೇ?

ಮಗ್ಗ ಕೊಳ್ಳುವ ಆತುರ ಈಗ ಬೇಡ. ಸಹಕಾರ ಸಂಘದಿಂದ ಹ್ಯಾಂಡ್‌ಲೂಮ್ ಮಾರ್ಕ್ ಇರುವ ಬಟ್ಟೆ ತಂದು ಹೊಲಿಯಿರಿ. ಬಣ್ಣ ಹಾಕುವ ಆಸೆಯಿದ್ದರೆ ಬೇಸಗೆಯಲ್ಲಿಯೇ ಮಾಡಬೇಕು. ಬಟ್ಟೆಯನ್ನು ಪಟಕದ ನೀರಿನಲ್ಲಿ ನೆನೆಸಿದರೆ ಬಣ್ಣ ಹಿಡಿಯುತ್ತದೆ, ನೆರಳಿನಲ್ಲಿ ಒಣಗಬೇಕು. ನಮ್ಮ ವಯನಾಡಿನ ಜೂನ್ ಜುಲೈ ಮಳೆಯಲ್ಲಿ ಒಣಗುವುದು ಸುಳ್ಳು. ಆ ತಿಂಗಳುಗಳು ಹೊಲಿಗೆಗೆ. ಎರಡೇ ಬಗೆಯ ಉಡುಪು ಹೊಲಿದು, ಒಳಗಿನ ಹೊಲಿಗೆಯನ್ನೂ ಹೊರಗಿನಷ್ಟೇ ಗಟ್ಟಿ ಮಾಡಿರಿ. ಹರಿದರೆ ನಾವೇ ದುರಸ್ತಿ ಮಾಡಿಕೊಡುತ್ತೇವೆ ಎಂದು ಚೀಟಿಯಲ್ಲಿ ಬರೆಯಿರಿ. ದೊಡ್ಡ ಕಂಪೆನಿ ಆ ಮಾತು ಕೊಡುವುದು ಅಪರೂಪ.

ಹಣ ಹಾಕುವ ಮಾತು ಈ ದಿನ ಎತ್ತುವುದಿಲ್ಲ. ಯಾರ ಮಿಷನ್ ಓಡುತ್ತಿದೆ, ಯಾರದು ತುಕ್ಕು ಹಿಡಿದಿದೆ, ಲೆಕ್ಕದ ಪುಸ್ತಕ ಬರೆಯಲು ಯಾರು ಒಪ್ಪುತ್ತಾರೆ ಎಂಬ ಮೂರು ಸಂಗತಿಗಳನ್ನು ಬರುವ ಭಾನುವಾರ ಲೈನು ಲೈನಾಗಿ ಬರೆದು ತನ್ನಿರಿ.