ಬಿಚ್ಚಿ ಜೋಡಿಸಿದವರ ಪಿಕಪ್

ಪಿಕಪ್ ಎಂದ ಕೂಡಲೇ ನಮಗೆ ನೆನಪಾಗುವುದು ಎಪಿಎಂಸಿ ಯಾರ್ಡಿಗೆ ಟೊಮೆಟೊ ಕ್ರೇಟು ಹೊರುವ ಬಾಡಿಗೆ ಗಾಡಿ. ಅಮೆರಿಕದಲ್ಲಿ ಅದು ಮನೆಯ ಗಾಡಿ. ರೈತ, ಬಡಗಿ, ಮೇಷ್ಟ್ರು, ನರ್ಸು, ಯಾರ ಮನೆಯ ಮುಂದೆ ಬೇಕಾದರೂ ನಿಂತಿರುತ್ತದೆ. ಅದರಲ್ಲೂ ಐವತ್ತು, ಎಪ್ಪತ್ತು ವರ್ಷ ಹಳೆಯ ಪಿಕಪ್ ಒಂದನ್ನು ಕೊಂಡು, ರಜೆಯ ದಿನ ಅದರ ಅಡಿಗೆ ಮಲಗಿ, ಮೊಣಕೈವರೆಗೂ ಗ್ರೀಸು ಮಾಡಿಕೊಂಡು ರಿಪೇರಿ ಮಾಡುವ ಹವ್ಯಾಸಿಗಳು ಅಲ್ಲಿ ಸಣ್ಣ ಸಣ್ಣ ಊರುಗಳಲ್ಲೂ ಇದ್ದಾರೆ. ಹೊಟ್ಟೆಪಾಡಿಗೆ ಅವರು ಬೇರೇನೋ ಮಾಡುತ್ತಾರೆ, ಮೆಕ್ಯಾನಿಕ್ ಕೆಲಸ ಪ್ರೀತಿಗೆ. ದುಡ್ಡಿದ್ದವರ ಶೋಕಿ ಎಂದು ಇದನ್ನು ತಳ್ಳಿಹಾಕುವವರಿದ್ದಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಕಂಪನಿಗಳು ಪಿಕಪ್ ಮಾರುವುದಕ್ಕೆ ಮೊದಲೇ ಜನ ತಮ್ಮ ಕೈಯಿಂದ ಅದನ್ನು ಮಾಡಿಕೊಂಡಿದ್ದರು. ಬಿಚ್ಚುವುದು, ಕೊಯ್ಯುವುದು, ಜೋಡಿಸುವುದು ಆ ವಾಹನದ ಹುಟ್ಟಿನಿಂದಲೇ ಬಂದದ್ದು. ಆ ಕಥೆಯನ್ನೇ ಇವತ್ತು ಹೇಳುತ್ತೇನೆ.

1908ರಲ್ಲಿ ಹೆನ್ರಿ ಫೋರ್ಡ್ ಮಾಡೆಲ್ ಟಿ ಕಾರನ್ನು ಹೊರತಂದ. ನಾಲ್ಕು ಸಿಲಿಂಡರು, 20 ಅಶ್ವಶಕ್ತಿ. ಕೆಸರು ರಸ್ತೆಯಲ್ಲಿ ಓಡಲಿ ಎಂದು ನೆಲದಿಂದ ಎತ್ತರಕ್ಕೆ ಕಟ್ಟಿದ ಗಾಡಿ. ಹಳ್ಳಿಯ ರೈತರು ಅದನ್ನು ಕೊಂಡರು, ಆದರೆ ಕಾರಿನ ಹಾಗೆ ಬಳಸಲಿಲ್ಲ. ಹಿಂದಿನ ಸೀಟು ಕಿತ್ತು ಹಲಗೆಯ ಪೆಟ್ಟಿಗೆ ಕೂರಿಸಿದರು. ಹಾಲಿನ ಕ್ಯಾನು, ಮೇವು, ಹಂದಿಮರಿ ಎಲ್ಲವನ್ನೂ ಅದರಲ್ಲೇ ಹೇರಿದರು. ಹಿಂದಿನ ಚಕ್ರವನ್ನು ಜಾಕಿ ಕೊಟ್ಟು ಎತ್ತಿ, ಅದಕ್ಕೆ ಬೆಲ್ಟು ಹಾಕಿ ಗರಗಸ ಓಡಿಸಿದರು, ನೀರಿನ ಪಂಪು ತಿರುಗಿಸಿದರು. ಆ ಎಂಜಿನ್ನಿಗೆ ಪೆಟ್ರೋಲ್ ಪಂಪೇ ಇರಲಿಲ್ಲ. ಟ್ಯಾಂಕು ಸೀಟಿನ ಕೆಳಗೆ, ಕಾರ್ಬರೇಟರಿಗೆ ಪೆಟ್ರೋಲು ತಾನಾಗಿ ಇಳಿದು ಬರಬೇಕು. ಟ್ಯಾಂಕಿನಲ್ಲಿ ಕಡಿಮೆ ಇದ್ದಾಗ ಕಡಿದಾದ ದಿಣ್ಣೆ ಸಿಕ್ಕರೆ ಎಂಜಿನ್ ಮೇಲಾಗಿ ಟ್ಯಾಂಕು ಕೆಳಗಾಗುತ್ತಿತ್ತು, ಗಾಡಿ ನಿಂತುಬಿಡುತ್ತಿತ್ತು. ಆಗ ಗಾಡಿ ತಿರುಗಿಸಿ ರಿವರ್ಸಿನಲ್ಲಿ ದಿಣ್ಣೆ ಹತ್ತುತ್ತಿದ್ದರು. ಗಾಡಿಯ ಒಳಗಣ ವ್ಯವಹಾರ ತಿಳಿದವನಿಗೆ ಮಾತ್ರ ಹೊಳೆಯುವ ಉಪಾಯ ಇದು. ಆ ಕಾಲದಲ್ಲಿ ಗಾಡಿ ಓಡಿಸುವವರೆಲ್ಲ ಅಷ್ಟನ್ನು ತಿಳಿದಿರಲೇಬೇಕಿತ್ತು.

ಜನ ಹೀಗೆ ಕಾರು ಕೊಯ್ಯುವುದನ್ನು ಕಂಪನಿ ವರ್ಷಗಟ್ಟಲೆ ನೋಡಿತು. 1917ರಲ್ಲಿ ಒಂದು ಟನ್ ಹೊರುವ ಚಾಸಿಯನ್ನು ಮಾರಾಟಕ್ಕಿಟ್ಟಿತು, ಮೇಲಿನ ಬಾಡಿಯನ್ನು ಕೊಂಡವರು ಕಟ್ಟಿಸಿಕೊಳ್ಳಬೇಕಿತ್ತು. ಕೊನೆಗೆ 1925ರ ಏಪ್ರಿಲ್‌ನಲ್ಲಿ, ಮಾಡೆಲ್ ಟಿ ಬಂದು 17 ವರ್ಷವಾದ ಮೇಲೆ, ಕಾರ್ಖಾನೆಯಲ್ಲೇ ಲೋಡ್ ಬಾಡಿ ಕೂರಿಸಿದ ಗಾಡಿಯನ್ನು ಫೋರ್ಡ್ ಬಿಡುಗಡೆ ಮಾಡಿತು. 56 ಇಂಚು ಉದ್ದದ ಉಕ್ಕಿನ ತೊಟ್ಟಿ, ಹಿಂದೆ ಇಳಿಸಿ ಏರಿಸುವ ಬಾಗಿಲು, ಬೆಲೆ 281 ಡಾಲರ್. ಆ ವರ್ಷವೇ ಸುಮಾರು 34,000 ಗಾಡಿಗಳು ತಯಾರಾದವು. ಫೋರ್ಡಿನ ಪಿಕಪ್ ವಂಶ ಶುರುವಾದದ್ದು ಅಲ್ಲಿಂದ.

ಮಾಡೆಲ್ ಟಿ ಬಂದ ಮೇಲೆ ಬಿಡಿಭಾಗಗಳ ವ್ಯಾಪಾರ ಬಾರದೇ ಇರುತ್ತದೆಯೇ? ಸಿಯರ್ಸ್ ಕಂಪನಿಯ ಅಂಚೆ ಕ್ಯಾಟಲಾಗಿನಲ್ಲಿ ಮಾಡೆಲ್ ಟಿಗೆ ಬೇಕಾದ ಸಾಮಾನು ಬಂತು. ಷಿಕಾಗೋದಲ್ಲಿ ಇಸ್ರೇಲ್ ವಾರ್ಷಾವ್‌ಸ್ಕಿ ಎಂಬ ವಲಸಿಗ 1915ರಲ್ಲಿ ಒಂದು ಗುಜರಿ ಅಂಗಡಿ ತೆರೆದ. ಅದೇ ಮುಂದೆ ಬೆಳೆದು, ದೇಶದ ಯಾವ ಮೂಲೆಗಾದರೂ ಅಂಚೆಯಲ್ಲಿ ಬಿಡಿಭಾಗ ಕಳಿಸುವ ಜೆ.ಸಿ. ವಿಟ್ನಿ ಎಂಬ ಸಂಸ್ಥೆಯಾಯಿತು. 1917ರ ಸ್ಮಿತ್–ಹ್ಯೂಸ್ ಕಾಯಿದೆಯಿಂದ ಶಾಲೆಗಳಲ್ಲಿ ಕಸುಬು ಕಲಿಸಲು ಸರ್ಕಾರದ ಹಣ ಸಿಗತೊಡಗಿತು. ಹೈಸ್ಕೂಲಿನ ಹಿಂಬದಿಯ ಶೆಡ್ಡಿನಲ್ಲಿ ಹುಡುಗರು ಎಂಜಿನ್ ಬಿಚ್ಚುವುದನ್ನು ಪಾಠವಾಗಿಯೇ ಕಲಿತರು. ನಮ್ಮ ಐಟಿಐನಲ್ಲಿ ಕಲಿಸುವ ಎಷ್ಟೋ ವಿಷಯ ಅಲ್ಲಿ ಡಾಕ್ಟರೋ ಲಾಯರೋ ಆಗಲಿದ್ದ ಹುಡುಗನ ಕೈಗೂ ಹತ್ತಿತು. ಈ ಹವ್ಯಾಸಕ್ಕೆ ನಿಜವಾದ ತಳಪಾಯ ಹಾಕಿದ್ದು ಅದು ಎಂದು ನನ್ನ ನಂಬಿಕೆ.

ಎರಡನೆಯ ಮಹಾಯುದ್ಧ ಆ ಕಲಿಕೆಯನ್ನು ಒರೆಗೆ ಹಚ್ಚಿತು. 1942ರ ಫೆಬ್ರವರಿಯಲ್ಲಿ ಸಾರ್ವಜನಿಕರಿಗಾಗಿ ಕಾರು ಮಾಡುವುದೇ ನಿಂತಿತು. ಕಾರ್ಖಾನೆಗಳು ಟ್ಯಾಂಕು, ವಿಮಾನ, ಜೀಪುಗಳಿಗೆ ತಿರುಗಿದವು. ಟೈರು, ಪೆಟ್ರೋಲು ರೇಷನ್ನಿಗೆ ಬಂದವು. ರಬ್ಬರ್ ಉಳಿಸಲು ದೇಶಕ್ಕೆಲ್ಲ ಗಂಟೆಗೆ 35 ಮೈಲಿಯ ಮಿತಿ ಹಾಕಿದರು. ಇದ್ದ ಗಾಡಿಯನ್ನೇ ಯುದ್ಧ ಮುಗಿಯುವವರೆಗೆ ಓಡಿಸಬೇಕು, ಬೇರೆ ದಾರಿ ಇಲ್ಲ. ಆಮೇಲೆ ಯುದ್ಧದಿಂದ ಮರಳಿದ ಲಕ್ಷಾಂತರ ಸೈನಿಕರಲ್ಲಿ ಟ್ರಕ್ಕು ರಿಪೇರಿಯನ್ನು ಸೈನ್ಯದಲ್ಲೇ ಕಲಿತವರು ಬಹಳ. ಅವರು ಊರ ಹೊರಗಿನ ಹೊಸ ಬಡಾವಣೆಗಳಲ್ಲಿ ಗ್ಯಾರೇಜು ಇರುವ ಮನೆ ಕೊಂಡರು.

ಸರಿಯಾಗಿ ಅದೇ ಹೊತ್ತಿಗೆ ಹೊಸ ಪಿಕಪ್ಪುಗಳು ಬಂದವು. 1947ರಲ್ಲಿ ಷೆವರ್ಲೆಯ 'ಅಡ್ವಾನ್ಸ್ ಡಿಸೈನ್' ಸರಣಿ, 1948ರ ಆರಂಭದಲ್ಲಿ ಫೋರ್ಡ್ ಎಫ್-1. ಇಂದಿನ ಹವ್ಯಾಸಿಗಳ ಅಚ್ಚುಮೆಚ್ಚು ಇವೇ. ದುಂಡು ಮುಖ, ಉಬ್ಬಿದ ಮಡ್‌ಗಾರ್ಡು ನೋಡಲು ಚೆಂದ ಎಂಬುದು ಒಂದು. ನನಗೆ ಮುಖ್ಯವೆನಿಸುವುದು ಬಾನೆಟ್ ಎತ್ತಿದಾಗ ಕಾಣುವ ಜಾಗ. ಆರು ಸಿಲಿಂಡರುಗಳು ಒಂದೇ ಸಾಲಿನಲ್ಲಿ ನಿಂತ ಉದ್ದನೆಯ, ಸಣಕಲು ಎಂಜಿನ್. ಎಡಕ್ಕೂ ಬಲಕ್ಕೂ ಕೈ, ಸ್ಪ್ಯಾನರು, ಟಾರ್ಚು ಎಲ್ಲ ಆಡುವಷ್ಟು ತೆರವು. ಲೋಡ್ ಬಾಡಿಯ ತಳಕ್ಕೆ ಮರದ ಹಲಗೆ, ಹಲಗೆಯ ನಡುವೆ ಉಕ್ಕಿನ ಪಟ್ಟಿ. ಹಲಗೆ ಕೊಳೆತರೆ ಮನೆಯ ಗರಗಸದಲ್ಲೇ ಕೊಯ್ದು ಬೇರೆ ಕೂರಿಸಬಹುದು.

ಷೆವರ್ಲೆಯ ಆ 216 ಘನ ಇಂಚಿನ ಎಂಜಿನ್ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ಅದಕ್ಕೆ ಜನ ಇಟ್ಟ ಅಡ್ಡಹೆಸರು ಸ್ಟೋವ್‌ಬೋಲ್ಟ್. ಕನೆಕ್ಟಿಂಗ್ ರಾಡಿನ ಬೇರಿಂಗುಗಳಿಗೆ ಇಂದಿನಂತೆ ಪೂರ್ತಿ ಒತ್ತಡದಲ್ಲಿ ಎಣ್ಣೆ ಹರಿಯುತ್ತಿರಲಿಲ್ಲ. ರಾಡಿನ ಬುಡದಲ್ಲಿದ್ದ ಪುಟ್ಟ ಸೌಟಿನಂಥ ಮೂತಿ ಪ್ರತಿ ಸುತ್ತಿಗೂ ಎಣ್ಣೆಯನ್ನು ಮೊಗೆದುಕೊಳ್ಳುತ್ತಿತ್ತು. ಬೇರಿಂಗು ಎಂದರೆ ರಾಡಿನೊಳಗೇ ಎರಕ ಹೊಯ್ದ ಬ್ಯಾಬಿಟ್ ಎಂಬ ಮೃದು ಲೋಹ. ಸವೆದು ಸಡಿಲವಾದರೆ ಎಂಜಿನ್ ಟಕಟಕ ಬಡಿಯುತ್ತದೆ. ಆಗ ಕೆಳಗಿನ ಎಣ್ಣೆ ತೊಟ್ಟಿ ಬಿಚ್ಚಿ, ರಾಡಿನ ಕ್ಯಾಪಿನಡಿ ಇಟ್ಟಿದ್ದ ಕಾಗದದಷ್ಟು ತೆಳುವಾದ ತಗಡಿನ ಶಿಮ್ಮು ಒಂದನ್ನು ತೆಗೆದು ಮತ್ತೆ ಬಿಗಿದರೆ ಸರಿಹೋಗುತ್ತಿತ್ತು. ಸವೆತ ಬಂದೇ ಬರುತ್ತದೆ ಎಂದು ತಿಳಿದು, ಅದನ್ನು ಸರಿಪಡಿಸುವ ದಾರಿಯನ್ನೂ ಒಳಗೇ ಇಟ್ಟು ಮಾಡಿದ ಎಂಜಿನ್ ಅದು. 1954ರಲ್ಲಿ ಈ ಪಿಕಪ್ಪುಗಳಿಗೆ ಪೂರ್ತಿ ಒತ್ತಡದ ಎಣ್ಣೆ ವ್ಯವಸ್ಥೆಯಿರುವ 235 ಘನ ಇಂಚಿನ ಎಂಜಿನ್ ಬಂತು. ಹೆದ್ದಾರಿಯ ವೇಗದಲ್ಲಿ ಓಡಿಸಬೇಕೆನ್ನುವವರು ಇಂದಿಗೂ 216 ಕೆಳಗಿಳಿಸಿ 235 ಕೂರಿಸುತ್ತಾರೆ.

ಕೆಲಸದ ಮೇಲೆ ಮಿಷಿಗನ್‌ನಲ್ಲಿದ್ದ ಕಾಲದಲ್ಲಿ ನೆರೆಮನೆಯ ಹಿರಿಯರ 1951ರ ಷೆವರ್ಲೆಯ ಪಾಯಿಂಟ್ ಹೊಂದಿಸುವುದನ್ನು ಪಕ್ಕದಲ್ಲೇ ನಿಂತು ಕಲಿತೆ. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದರೆ ಒಳಗೆ ಎರಡು ಸಣ್ಣ ಲೋಹದ ತುದಿಗಳು ಒಂದಕ್ಕೊಂದು ತಾಗಿ ಬಿಡುತ್ತಿರುತ್ತವೆ. ಅವು ಬಿಟ್ಟ ಕ್ಷಣದಲ್ಲೇ ಪ್ಲಗ್ಗಿನಲ್ಲಿ ಕಿಡಿ. ಪೂರ್ತಿ ತೆರೆದಾಗ ಅವುಗಳ ನಡುವಿನ ಸಂದು ಸುಮಾರು 0.016 ಇಂಚು, ಅಂದರೆ 0.4 ಮಿಲಿಮೀಟರ್ ಇರಬೇಕು. ಫೀಲರ್ ಗೇಜಿನ ಎಲೆಯನ್ನು ತೂರಿಸಿ ಎಳೆದರೆ ಬೆರಳಿಗೆ ಒಂದಿಷ್ಟೇ ತಡೆ ಸಿಗಬೇಕು. ಸಂದು ಕಡಿಮೆಯಾದರೆ ತುದಿಗಳು ಸುಡುತ್ತವೆ, ಕಿಡಿ ತಡವಾಗುತ್ತದೆ. ಹೆಚ್ಚಾದರೆ ವೇಗದಲ್ಲಿ ಕಿಡಿ ಸೊರಗುತ್ತದೆ. ಕ್ಯಾಮಿಗೆ ಉಜ್ಜುವ ತುಂಡು ಸವೆದಂತೆಲ್ಲ ಸಂದು ತಾನಾಗಿ ಮುಚ್ಚುತ್ತ ಬರುತ್ತದೆ. ಹಳೆಯ ಗಾಡಿ ಯಾವ ಕೆಡುಕೂ ಕಾಣದೆ ದಿನೇ ದಿನೇ ಮಂದವಾಗುವುದಕ್ಕೆ ಇದು ಸಾಮಾನ್ಯ ಕಾರಣ. ಆಮೇಲೆ ಟೈಮಿಂಗ್ ನೋಡಬೇಕು. ಈ ಎಂಜಿನ್ನಿನ ಫ್ಲೈವೀಲಿನಲ್ಲಿ ಒಂದು ಉಕ್ಕಿನ ಗುಂಡು ಹುದುಗಿಸಿದ್ದಾರೆ, ಹೌಸಿಂಗಿನ ಕಿಂಡಿಯಿಂದ ನೋಡಬಹುದು. ಎಂಜಿನ್ ಓಡುವಾಗ ಟೈಮಿಂಗ್ ಲೈಟ್ ಹಿಡಿದರೆ, ಗಿರಗಿರ ಸುತ್ತುವ ಆ ಗುಂಡು ಮುಳ್ಳಿನ ಎದುರು ನಿಂತಂತೆ ಕಾಣುತ್ತದೆ. ಮೊದಲ ಸಲ ಅದನ್ನು ಕಂಡಾಗ ಆದ ಸಂತೋಷ ನನಗೆ ಬೇರೆ ಯಾವ ಯಂತ್ರದಿಂದಲೂ ಸಿಕ್ಕಿಲ್ಲ.

ಇಲ್ಲಿ ನಮ್ಮ ನಾಡಿನ ಮಾತೂ ಬರುತ್ತದೆ. ಬೆಂಗಳೂರಿನಲ್ಲಿ 1940ರಲ್ಲಿ ಮೈಸೂರು ಸರ್ಕಾರದ ಜತೆಗೂಡಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಟ್ಟಿದ ವಾಲ್‌ಚಂದ್ ಹೀರಾಚಂದರೇ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಶುರುಮಾಡಿದವರು. ನಮ್ಮ ರಸ್ತೆಗಳಲ್ಲಿ ಓಡಿದ ಫಾರ್ಗೋ ಲಾರಿಗಳು ಬಂದದ್ದು ಅಲ್ಲಿಂದ, ಅಮೆರಿಕದ ಕ್ರೈಸ್ಲರ್ ಕಂಪನಿಯ ನಂಟಿನಲ್ಲಿ. ನಮ್ಮಲ್ಲೂ ಹಳೆಯ ಗಾಡಿಗಳು ದಶಕಗಟ್ಟಲೆ ಬದುಕಿದವು, ಆದರೆ ಬದುಕಿಸಿದವರು ಗ್ಯಾರೇಜಿನ ಮೇಸ್ತ್ರಿಗಳು, ಟಿಂಕರಿಂಗ್‌ನವರು, ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯವರು. ನಮ್ಮಲ್ಲಿ ಸಾಮಾನಿಗೆ ಹೋಲಿಸಿದರೆ ಕೂಲಿ ಅಗ್ಗ. ಅಮೆರಿಕದಲ್ಲಿ ಸಾಮಾನು ಅಗ್ಗ, ಕೂಲಿ ದುಬಾರಿ. ಮಾಲೀಕನೇ ಸ್ಪ್ಯಾನರು ಹಿಡಿಯುವುದಕ್ಕೆ ಈ ಲೆಕ್ಕವೂ ಕಾರಣ.

ಅಲ್ಲಿನ ರಸ್ತೆಗಳಲ್ಲಿ ಅಮೆರಿಕದ್ದೇ ಪಿಕಪ್ಪುಗಳು ತುಂಬಿರುವುದಕ್ಕೆ ಕೋಳಿಯ ಜಗಳವೊಂದು ಹಿನ್ನೆಲೆಯಾಗಿದೆ. ಯೂರೋಪಿನ ದೇಶಗಳು ಅಮೆರಿಕದ ಕೋಳಿಮಾಂಸಕ್ಕೆ ಸುಂಕ ಏರಿಸಿದವು. ಅದಕ್ಕೆ ಪ್ರತಿಯಾಗಿ 1963ರ ಡಿಸೆಂಬರಿನಲ್ಲಿ ಅಧ್ಯಕ್ಷ ಜಾನ್ಸನ್ ಹೊರದೇಶದ ಹಗುರ ಟ್ರಕ್ಕುಗಳಿಗೆ ಶೇ. 25 ಸುಂಕ ವಿಧಿಸಿದರು. ಕೋಳಿಯ ಜಗಳ ತಣ್ಣಗಾಗಿ ಎಷ್ಟೋ ಕಾಲವಾದರೂ ಟ್ರಕ್ಕಿನ ಸುಂಕ ಹೋಗಲಿಲ್ಲ. ಫೋರ್ಡ್, ಷೆವರ್ಲೆ, ಡಾಡ್ಜ್ ಪಿಕಪ್ಪುಗಳೇ ಲಕ್ಷಗಟ್ಟಲೆ ಮಾರಾಟವಾದವು. ಅಷ್ಟು ಗಾಡಿಗಳಿದ್ದುದರಿಂದಲೇ ಗುಜರಿಯಲ್ಲಿ ಇಂದಿಗೂ ಬಾಗಿಲು, ಗೇರ್‌ಬಾಕ್ಸು, ಆಕ್ಸಲ್ ಸಿಗುತ್ತವೆ.

1970ರ ವಾಯು ಶುದ್ಧಿ ಕಾಯಿದೆ ಬಂದ ಮೇಲೆ ಬಾನೆಟ್ಟಿನ ಕೆಳಗಿನ ಚಿತ್ರ ಬದಲಾಯಿತು. 1975ರಿಂದ ಕ್ಯಾಟಲಿಟಿಕ್ ಕನ್ವರ್ಟರ್, ಸೀಸವಿಲ್ಲದ ಪೆಟ್ರೋಲು. ಪಾಯಿಂಟ್ ಹೋಗಿ ಎಲೆಕ್ಟ್ರಾನಿಕ್ ಇಗ್ನಿಷನ್ ಬಂತು. ಆ ನಿಯಮಗಳು ಬೇಕಿದ್ದವು. ಲಾಸ್ ಏಂಜಲಿಸ್‌ನ ಹೊಗೆಯಲ್ಲಿ ಮಕ್ಕಳು ಉಸಿರಾಡುತ್ತಿದ್ದರು ಎಂಬುದನ್ನು ಹಳೆಯ ಗಾಡಿ ಪ್ರೀತಿಸುವವರು ಮರೆಯಬಾರದು. ಆದರೆ ಹವ್ಯಾಸಿಗಳಿಗೆ ಹೊಸ ಕೆಲಸ ಬಿತ್ತು. ಪೆಟ್ರೋಲಿನಲ್ಲಿದ್ದ ಸೀಸ ಎಕ್ಸಾಸ್ಟ್ ವಾಲ್ವು ಕೂರುವ ಜಾಗಕ್ಕೆ ತೆಳು ಹೊದಿಕೆಯಾಗಿ ಸವೆತ ತಡೆಯುತ್ತಿತ್ತು. ಅದು ಹೋದ ಮೇಲೆ, ಭಾರ ಎಳೆಯುವ ಹಳೆಯ ಎಂಜಿನ್ನುಗಳ ಹೆಡ್ ಬಿಚ್ಚಿ ಗಟ್ಟಿ ಉಕ್ಕಿನ ವಾಲ್ವ್ ಸೀಟು ಕೂರಿಸುವುದು ರೂಢಿಯಾಯಿತು. ಕ್ಯಾಲಿಫೋರ್ನಿಯಾದಲ್ಲಿ 1975ರ ಮಾದರಿ ಮತ್ತು ಅದಕ್ಕಿಂತ ಹಳೆಯ ಗಾಡಿಗಳಿಗೆ ಹೊಗೆ ತಪಾಸಣೆಯಿಂದ ವಿನಾಯಿತಿ ಇದೆ. ಅಲ್ಲಿ ಕೊಳ್ಳುವವರು ಮೊದಲು ವರ್ಷ ಕೇಳುವುದು ಅದಕ್ಕೇ.

ಉಳಿದ ಕಡೆ ಮೊದಲು ನೋಡುವುದು ತುಕ್ಕು. ಉತ್ತರದ ರಾಜ್ಯಗಳಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪುನೀರು ಕ್ಯಾಬಿನ್ನಿನ ಮೂಲೆ, ಬಾಗಿಲ ಕೆಳಗಿನ ಪಟ್ಟಿ, ಕಾಲಿಡುವ ನೆಲ ಎಲ್ಲವನ್ನೂ ಒಳಗಿನಿಂದ ತಿನ್ನುತ್ತದೆ. ಅರಿಜೋನಾ, ನ್ಯೂ ಮೆಕ್ಸಿಕೊದಂಥ ಒಣನಾಡಿನ ಗಾಡಿಗಳಿಗೆ ಬೇಡಿಕೆ ಹೆಚ್ಚು. ಬಣ್ಣ ಬಿಸಿಲಿಗೆ ಬಿಳಚಿದ್ದರೂ ತಗಡು ಗಟ್ಟಿಯಾಗಿರುತ್ತದೆ. ಅನುಭವಿಗಳು ಜೇಬಿನಲ್ಲಿ ಅಯಸ್ಕಾಂತ ಇಟ್ಟುಕೊಂಡೇ ಹೋಗುತ್ತಾರೆ. ಬಣ್ಣದ ಮೇಲೆ ಅದು ಅಂಟದಿದ್ದರೆ ಅಡಿಯಲ್ಲಿ ತಗಡಿನ ಬದಲು ದಪ್ಪ ಪುಟ್ಟಿ ಮೆತ್ತಿದ್ದಾರೆ ಎಂದರ್ಥ. ಕೊಳೆತ ಭಾಗವನ್ನು ಹೊಳೆಯುವ ಲೋಹ ಸಿಗುವವರೆಗೆ ಕೊಯ್ದು, ಅದೇ ಆಕಾರಕ್ಕೆ ಒತ್ತಿದ ಹೊಸ ತಗಡು ತಂದು ವೆಲ್ಡ್ ಮಾಡಬೇಕು. ಉದ್ದಕ್ಕೂ ಒಂದೇ ಸಮನೆ ವೆಲ್ಡ್ ಮಾಡಿದರೆ ಶಾಖಕ್ಕೆ ತಗಡು ಸೊಟ್ಟಗಾಗುತ್ತದೆ. ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ ಹಾಕಿ, ಆರಲು ಬಿಟ್ಟು, ನಿಧಾನವಾಗಿ ಸೇರಿಸಬೇಕು. ಅವಸರದವರಿಗೆ ಒಲಿಯುವ ಕೆಲಸ ಅಲ್ಲ.

1996ರ ಮಾದರಿಗಳಿಂದ ಅಮೆರಿಕದ ಕಾರು, ಹಗುರ ಟ್ರಕ್ಕುಗಳಿಗೆಲ್ಲ ಒಂದೇ ಬಗೆಯ ಕಂಪ್ಯೂಟರ್ ತಪಾಸಣೆಯ ಸಾಕೆಟ್ಟು ಕಡ್ಡಾಯವಾಯಿತು. ಇನ್ನು ಮನೆಯಲ್ಲಿ ರಿಪೇರಿ ಮುಗಿದ ಕಥೆ ಎಂದು ಆಗ ಹಲವರು ಅಂದುಕೊಂಡರು. ಹಾಗಾಗಲಿಲ್ಲ. ಸ್ಕ್ಯಾನರು ಅಗ್ಗವಾಯಿತು, ದೋಷ ಎಲ್ಲಿದೆ ಎಂಬ ಸುಳಿವನ್ನು ಗಾಡಿಯೇ ಕೊಡತೊಡಗಿತು. ಈಗ 1980ರ ದಶಕದ, 90ರ ದಶಕದ ಪಿಕಪ್ಪುಗಳೇ ಹಳೆಯವಾಗಿ ಹೊಸ ತಲೆಮಾರಿನ ಹವ್ಯಾಸಿಗಳ ಕೈಗೆ ಬಂದಿವೆ. ಆ ಕಾಲದ ಎಂಜಿನ್ ಕಂಪ್ಯೂಟರುಗಳಲ್ಲಿ ಎಷ್ಟೋ ಈಗ ಹೊಸದಾಗಿ ತಯಾರಾಗುವುದಿಲ್ಲ. ಒಳಗಿನ ಕೆಪಾಸಿಟರುಗಳು ವಯಸ್ಸಾಗಿ ಸೋರಿ, ಎಂಜಿನ್ ತಡವರಿಸುತ್ತದೆ. ಹವ್ಯಾಸಿಗಳು ಪೆಟ್ಟಿಗೆಯ ಮುಚ್ಚಳ ಬಿಚ್ಚಿ, ಸೋರಿದ ದ್ರವವನ್ನು ಒರೆಸಿ, ಹಳೆಯ ಕೆಪಾಸಿಟರಿನ ಬೆಸುಗೆ ಕರಗಿಸಿ ತೆಗೆದು ಅದೇ ಅಳತೆಯ ಹೊಸದನ್ನು ಕೂರಿಸುತ್ತಿದ್ದಾರೆ. ಸ್ಪ್ಯಾನರು ಇಡುವ ಪೆಟ್ಟಿಗೆಯಲ್ಲಿ ಈಗ ಬೆಸುಗೆ ಕಡ್ಡಿಯೂ ಮಲ್ಟಿಮೀಟರೂ ಸೇರಿವೆ. ಪಾಯಿಂಟ್ ಹೊಂದಿಸಲು ಬಾರದ ಹುಡುಗರೂ ಹುಡುಗಿಯರೂ ಇದನ್ನು ಸಲೀಸಾಗಿ ಮಾಡುತ್ತಾರೆ, ಹಳಬರು ಅವರ ಬಳಿ ಹೋಗಿ ಕಲಿಯುತ್ತಿದ್ದಾರೆ.